ಮುರಕಲ್ಲಿನ ಗೋಡೆಗೆ, ಕರೆಂಟಿಲ್ಲದ ತೋಟದ ಶೆಡ್ಡಿಗೆ ಯಾವ ಕಾರ್ಡ್‌ಲೆಸ್ ಡ್ರಿಲ್? ಹಳೆಯದಕ್ಕೆ ಲಿಥಿಯಂ ಬ್ಯಾಟರಿ ಕೂರಿಸಬಹುದೇ?

ನೀರ್ಚಾಲಿನ ಗೃಹಸ್ಥ:
ಎಲ್ಲರಿಗೂ ನಮಸ್ಕಾರ. ನಮ್ಮದು ಅಜ್ಜನ ಕಾಲದ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ. ಹಿಂದಿನ ಭಾಗಕ್ಕೆ ಹಂಚಿನ ಮಾಡು ಇದೆ, ಎದುರಿನ ಎರಡು ಕೋಣೆಗಳನ್ನು ಹತ್ತು ವರ್ಷಗಳ ಹಿಂದೆ ಹೊಸದಾಗಿ ಕಟ್ಟಿ ಕಾಂಕ್ರೀಟ್ ಹಾಕಿಸಿದ್ದೇವೆ. ಮನೆಯಿಂದ ಮುನ್ನೂರು ಮೀಟರ್ ಕೆಳಗೆ, ಅಡಕೆ ತೋಟದ ಅಂಚಿನಲ್ಲಿರುವ ಶೆಡ್ಡಿಗೆ ಕರೆಂಟು ಇಲ್ಲ. ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಗೆ ಮಳೆ ಹಿಡಿಯುವ ಮೊದಲು, ಆ ಶೆಡ್ಡಿಗೆ ತಗಡು ಹೊದೆಸಬೇಕು. ಮನೆಯೊಳಗೆ ಪರದೆಯ ಸರಳು, ಪುಸ್ತಕದ ಹಲಗೆಗಳನ್ನು ಕೂರಿಸಬೇಕು. ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ನಾನೇ ಮಾಡುವುದೆಂದು ನಿಶ್ಚಯಿಸಿದ್ದೇನೆ.

ಅಣ್ಣ ಹದಿನೈದು ವರ್ಷಗಳ ಹಿಂದೆ ಶಾರ್ಜಾದಿಂದ ತಂದ 12 ವೋಲ್ಟಿನ ಡ್ರಿಲ್ ಒಂದು ಮನೆಯಲ್ಲಿದೆ. ಮೋಟಾರು ಚೆನ್ನಾಗಿದೆ, ಬ್ಯಾಟರಿ ಮಾತ್ರ ಸತ್ತಿದೆ. ಅದರ ಮೇಲೆ ನಿಕಲ್ ಕ್ಯಾಡ್ಮಿಯಂ ಎಂದು ಬರೆದಿದೆ. ಇದನ್ನು ಲಿಥಿಯಂಗೆ ಬದಲಾಯಿಸಬಹುದೇ, ಅಥವಾ ಹೊಸದನ್ನೇ ಕೊಳ್ಳಬೇಕೇ? ಪೇಟೆಯ ಅಂಗಡಿಯೊಂದರಲ್ಲಿ 48 ವೋಲ್ಟ್ ಎಂದು ಬರೆದ ಡ್ರಿಲ್ಲನ್ನು ಎರಡು ಬ್ಯಾಟರಿಗಳ ಸಹಿತ ತೋರಿಸಿದರು, ಹೆಸರಾಂತ ಕಂಪನಿಯ 18 ವೋಲ್ಟಿನದಕ್ಕಿಂತ ಅದರ ಬೆಲೆ ಕಡಿಮೆ. 48 ದೊಡ್ಡದೋ 18 ದೊಡ್ಡದೋ ಎಂದು ಕೇಳುವ ಸ್ಥಿತಿ ನನ್ನದು.

ಕುಂಬಳೆಯ ಬಡಗಿ:
ಆ 48 ನಿಜವಾದ ವೋಲ್ಟ್ ಅಲ್ಲ. ದಯವಿಟ್ಟು ಹಣ ಕೊಡುವ ಮೊದಲು ಎರಡು ದಿನ ತಡೆಯಿರಿ.

ಸೀತಾಂಗೋಳಿಯ ಎಲೆಕ್ಟ್ರಿಷಿಯನ್:
ಬಡಗಿಯವರ ಮಾತು ಸರಿ, ಆದರೆ ಕಾರಣವನ್ನೂ ಹೇಳದಿದ್ದರೆ ಮುಂದಿನ ಅಂಗಡಿಯವರು 88 ಎಂದು ಬರೆದದ್ದನ್ನು ತೋರಿಸಿದಾಗ ಮತ್ತೆ ಇದೇ ಪ್ರಶ್ನೆ ಹುಟ್ಟುತ್ತದೆ. ಒಂದು ಲಿಥಿಯಂ ಅಯಾನ್ ಸೆಲ್ಲಿನ ಸರಾಸರಿ ವೋಲ್ಟೇಜ್ 3.6, ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್ಲುಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿದರೆ ಸರಾಸರಿ 18, ತುಂಬಿದಾಗ 21 ವೋಲ್ಟ್ ಸಿಗುತ್ತದೆ. ಇದನ್ನೇ ಒಬ್ಬರು 18 ಎನ್ನುತ್ತಾರೆ, ಇನ್ನೊಬ್ಬರು 20 ಮ್ಯಾಕ್ಸ್ ಎನ್ನುತ್ತಾರೆ, ಮತ್ತೊಬ್ಬರು 21 ಎನ್ನುತ್ತಾರೆ. ಒಳಗಿರುವುದು ಅದೇ ಐದು ಸೆಲ್. ಮೂರು ಸೆಲ್ಲಿನ 10.8 ವೋಲ್ಟಿನದು 12 ಎಂಬ ಹೆಸರಿನಲ್ಲಿ ಬರುತ್ತದೆ. ಹತ್ತು ಸೆಲ್ಲಿನ, ನಿಜವಾಗಿಯೂ 36 ವೋಲ್ಟಿನ ಉಪಕರಣಗಳೂ ಇವೆ, ಆದರೆ ಅವು ಅಗ್ಗವಾಗಿ ಸಿಗುವುದಿಲ್ಲ. ಈ 48, 88, 128 ಎಂಬ ಅಂಕಿಗಳ ಪಕ್ಕದಲ್ಲಿ 'ವಿಎಫ್' ಎಂದು ಬರೆದಿರುತ್ತಾರೆ, ಅದು ಮಾದರಿಗೆ ಇಟ್ಟ ಹೆಸರು. ಮಲ್ಟಿಮೀಟರ್ ಕೊಂಡೊಯ್ದು ತುಂಬಿದ ಬ್ಯಾಟರಿಯ ತುದಿಗಳಿಗೆ ಹಿಡಿದರೆ ಹೆಚ್ಚಿನವು 20 ಮತ್ತು 21ರ ನಡುವೆ ತೋರಿಸುತ್ತವೆ.

ಪೆರ್ಲದ ಕೃಷಿಕ:
ನಾನು ಇದನ್ನು ಒಪ್ಪುವುದಿಲ್ಲ. ಅಂಕಿ ಸುಳ್ಳಾಗಿರಬಹುದು, ಆದರೆ ಅಂಥದ್ದೇ 48ರ ಡ್ರಿಲ್ ನನ್ನಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದೆ. ಸ್ಪ್ರಿಂಕ್ಲರ್ ಪೈಪಿಗೆ ತೂತು ಕೊರೆಯುವುದು, ಬೇಲಿಯ ಗೇಟಿಗೆ ತಿರುಪು ಹಾಕುವುದು, ಅಷ್ಟೇ ನನ್ನ ಕೆಲಸ. ವರ್ಷಕ್ಕೆ ಇಪ್ಪತ್ತು ದಿನ ಬಳಸುವವನು ದುಬಾರಿ ಯಂತ್ರಕ್ಕೆ ಹಣ ಸುರಿಯಬೇಕೆಂದು ಹೇಳುವುದು ನ್ಯಾಯವಲ್ಲ.

ಸೀತಾಂಗೋಳಿಯ ಎಲೆಕ್ಟ್ರಿಷಿಯನ್:
ನಿಮ್ಮ ಬಳಕೆಗೆ ಅದು ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಆಂಪಿಯರ್-ಅವರಿನ, ಅಂದರೆ ಬ್ಯಾಟರಿಯಲ್ಲಿ ಎಷ್ಟು ತುಂಬುತ್ತದೆ ಎಂದು ಹೇಳುವ ಅಂಕಿಯ, ಸುಳ್ಳಿನ ಬಗ್ಗೆ. 18650 ಎಂಬ ಸೆಲ್ಲಿನ ಅಡ್ಡಳತೆ 18 ಮಿ.ಮೀ., ಉದ್ದ 65 ಮಿ.ಮೀ., ತೂಕ ಸುಮಾರು 45ರಿಂದ 48 ಗ್ರಾಂ. ಈ ಅಳತೆಯ ಉತ್ತಮ ಸೆಲ್ಲಿನಲ್ಲೂ ಹೆಚ್ಚೆಂದರೆ ಮೂರೂವರೆ ಆಂಪಿಯರ್-ಅವರಿನ ಆಸುಪಾಸು ತುಂಬುತ್ತದೆ. ಡ್ರಿಲ್ಲಿಗೆ ಬೇಕಾದ ಹೆಚ್ಚು ಕರೆಂಟ್ ಕೊಡಬಲ್ಲ ಸೆಲ್ಲುಗಳಲ್ಲಿ ಎರಡೂವರೆ ಅಥವಾ ಮೂರು. ಆದ್ದರಿಂದ 5 ಆಂಪಿಯರ್-ಅವರ್ ಎಂದು ಬರೆದ ಪ್ಯಾಕಿನೊಳಗೆ 18650 ಸೆಲ್ಲುಗಳೇ ಇದ್ದರೆ ಹತ್ತು ಇರಲೇಬೇಕು, ಸೆಲ್ಲುಗಳ ತೂಕವೇ ಅರ್ಧ ಕಿಲೋದ ಹತ್ತಿರ ಬರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ, ಇಡೀ ಪ್ಯಾಕು 350 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್ಲುಗಳಿವೆ ಎಂದು ತಿಳಿಯಬೇಕು.

ಪೆರ್ಲದ ಕೃಷಿಕ:
ತೂಗಿ ನೋಡಿದೆ, 370 ಗ್ರಾಂ ಇದೆ. ಮೇಲೆ 6 ಆಂಪಿಯರ್-ಅವರ್ ಎಂದು ಬರೆದಿದೆ. ತೂಕದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಿಕೊಂಡೆ. ಡ್ರಿಲ್ ಮಾತ್ರ ಈಗಲೂ ಚೆನ್ನಾಗಿಯೇ ಇದೆ.

ಮುಳ್ಳೇರಿಯದ ಮೇಸ್ತ್ರಿ:
ಎಲ್ಲರೂ ಬ್ಯಾಟರಿಯ ಮಾತಾಡುತ್ತಿದ್ದೀರಿ, ಗೋಡೆಯ ಮಾತನ್ನು ಯಾರೂ ಎತ್ತಲಿಲ್ಲ. ನೀರ್ಚಾಲಿನವರ ಗೋಡೆ ಮುರಕಲ್ಲಿನದು. ನಮ್ಮ ಜಿಲ್ಲೆಯಲ್ಲಿ ಡ್ರಿಲ್ ಕೊಳ್ಳುವವರಲ್ಲಿ ಹತ್ತಕ್ಕೆ ಎಂಟು ಮಂದಿ ಇಲ್ಲಿಯೇ ತಪ್ಪುತ್ತಾರೆ ಎಂಬುದು ಮೂವತ್ತು ವರ್ಷ ಗೋಡೆ ಕಟ್ಟಿದ ನನ್ನ ಅನುಭವ. ಮುರಕಲ್ಲನ್ನು ನೆಲದಿಂದ ಕಡಿದು ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ, ಆದರೆ ಒಳಗೆ ಪೊಟರೆಗಳೂ ಜೇಡಿಯ ಗೆರೆಗಳೂ ಹಾಗೆಯೇ ಉಳಿಯುತ್ತವೆ. ಕಟ್ಟಡದ ಮುರಕಲ್ಲಿಗೆ ಭಾರತೀಯ ಮಾನಕ 3620 ಕೇಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್, ಮನೆಯ ಸ್ಲ್ಯಾಬಿಗೆ ಹಾಕುವ ಎಂ20 ಕಾಂಕ್ರೀಟಿನದು 20. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮುರಕಲ್ಲಿಗೆ ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತಾ ಕೊರೆಯುವ ವಿಧಾನ) ಹಾಕಿದರೆ ಬಿಟ್ಟು (ಕೊರೆಯುವ ಕಡ್ಡಿ) ಕುಣಿದು 8 ಮಿ.ಮೀ. ತೂತು 11 ಆಗುತ್ತದೆ, ಪ್ಲಾಸ್ಟಿಕ್ ಪ್ಲಗ್ಗು ಬೆರಳಲ್ಲಿ ಎಳೆದರೆ ಕೈಗೆ ಬರುತ್ತದೆ, ಆಮೇಲೆ ಡ್ರಿಲ್ಲನ್ನು ಬೈಯುತ್ತಾರೆ. ಹ್ಯಾಮರನ್ನು ನಿಲ್ಲಿಸಿ, ಕಡಿಮೆ ವೇಗದಲ್ಲಿ, ಪ್ಲಗ್ಗಿಗಿಂತ ಒಂದು ಮಿ.ಮೀ. ಚಿಕ್ಕ ಬಿಟ್ಟಿನಿಂದ ಕೊರೆಯಿರಿ. ಗೋಡೆಯ ಮೇಲಿನ ಗಿಲಾಯಿಯ ಪದರ ದಾಟಿ ಕಲ್ಲಿನೊಳಗೆ ಹೋಗುವಂತೆ ಕನಿಷ್ಠ 60 ಮಿ.ಮೀ. ಉದ್ದದ ಪ್ಲಗ್ಗು ಇರಲಿ. ಭಾರದ ಹಲಗೆಯಾದರೆ ತೂತಿನ ಧೂಳನ್ನು ಊದಿ ತೆಗೆದು, ನೀರು ಚಿಮುಕಿಸಿ, ಸಿಮೆಂಟಿನ ಗಟ್ಟಿ ಹಿಟ್ಟು ತುಂಬಿ ಪ್ಲಗ್ಗನ್ನು ಒತ್ತಿ ಒಂದು ದಿನ ಬಿಡಿ, ತಿರುಪು ಮರುದಿನ ಹಾಕಿ. ನಮ್ಮ ಹಿರಿಯರು ಉಳಿಯಿಂದ ಚೌಕ ಗುಳಿ ತೆಗೆದು ಗಟ್ಟಿ ಮರದ ಗೂಟ ಹೊಡೆದು ಅದಕ್ಕೆ ಮೊಳೆ ಬಡಿಯುತ್ತಿದ್ದರು. ನಿಮ್ಮ ಹಳೆಯ ಗೋಡೆಯಲ್ಲಿ ಅಂಥ ಗೂಟಗಳು ಇದ್ದರೆ ಹಲಗೆಯನ್ನು ಅವುಗಳಿಗೇ ಬಿಗಿಯಿರಿ, ಹೊಸ ತೂತಿಗಿಂತ ಅವು ಮೇಲು.

ಮಂಜೇಶ್ವರದ ಅಧ್ಯಾಪಿಕೆ:
ಮೇಸ್ತ್ರಿಗಳ ಮಾತಿಗೆ ಒಂದು ಸೇರಿಕೆ. ಪರದೆಯ ಸರಳು ಬರುವುದು ಕಿಟಕಿಯ ಮೇಲೆ, ಅಲ್ಲಿ ಹೆಚ್ಚಿನ ಮನೆಗಳಲ್ಲಿ ಮುರಕಲ್ಲಿನ ಬದಲು ಕಾಂಕ್ರೀಟಿನ ಲಿಂಟಲ್ ಇರುತ್ತದೆ. ನಾನು ಕೈಯಲ್ಲಿದ್ದ 12 ವೋಲ್ಟಿನ ಸಣ್ಣ ಡ್ರಿಲ್ಲಿನಿಂದ ಅರ್ಧ ಗಂಟೆ ಒತ್ತಿ ಹಿಡಿದರೂ ಅರ್ಧ ಇಂಚು ಇಳಿಯಲಿಲ್ಲ, ಬಿಟ್ಟಿನ ತುದಿ ನೀಲಿಯಾಯಿತು. ಒಂದು ಅಡಿ ಪಕ್ಕದಲ್ಲಿ, ಲಿಂಟಲ್ ಮುಗಿದ ಕಡೆ, ಅದೇ ಡ್ರಿಲ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಒಂದೇ ಗೋಡೆಗೆ ಎರಡು ಯಂತ್ರ ಬೇಕೆಂದು ಆ ದಿನ ತಿಳಿಯಿತು.

ಕುಂಬಳೆಯ ಬಡಗಿ:
ಎರಡು ಯಂತ್ರ ಬೇಡ, ಪರ್ಕಶನ್ ಇರುವ 18 ವೋಲ್ಟಿನ ಡ್ರಿಲ್ ಒಂದೇ ಸಾಕು.

ಮುಳ್ಳೇರಿಯದ ಮೇಸ್ತ್ರಿ:
ಸಾಕಾಗುವುದಿಲ್ಲ. ಪರ್ಕಶನ್ ಡ್ರಿಲ್ಲಿನಲ್ಲಿ ಹಲ್ಲಿರುವ ಎರಡು ತಟ್ಟೆಗಳು ಒಂದರ ಮೇಲೊಂದು ಉಜ್ಜಿ ಗಡಗಡಿಸುತ್ತವೆ. ಬಡಿತಗಳ ಸಂಖ್ಯೆ ಹೆಚ್ಚು, ಪ್ರತಿ ಬಡಿತದ ಬಲ ಕಡಿಮೆ, ಒತ್ತುವ ಶ್ರಮವೆಲ್ಲ ನಿಮ್ಮ ತೋಳಿನದು. ಎಸ್‌ಡಿಎಸ್ ಎಂಬ ವಿಶೇಷ ಹಿಡಿಕೆಯ ಬಿಟ್ಟು ಹಾಕುವ ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಗಾಳಿಯನ್ನು ಅದುಮಿ ಸುತ್ತಿಗೆಯನ್ನು ಎಸೆಯುತ್ತದೆ, ಸಣ್ಣ ಕಾರ್ಡ್‌ಲೆಸ್ ಹ್ಯಾಮರಿನ ಒಂದು ಪೆಟ್ಟಿಗೂ ಸುಮಾರು 2 ಜೂಲ್ ಶಕ್ತಿಯಿರುತ್ತದೆ. ಲಿಂಟಲಿಗೆ 8 ಮಿ.ಮೀ. ತೂತು ಅರ್ಧ ನಿಮಿಷದ ಕೆಲಸ.

ಕುಂಬಳೆಯ ಬಡಗಿ:
ಮನೆಯಲ್ಲಿ ಆರು ಕಿಟಕಿ ಇರುವವರು ಹನ್ನೆರಡು ತೂತಿಗಾಗಿ ಹ್ಯಾಮರ್ ಕೊಳ್ಳಬೇಕೇ? ನಾನು ಮರದ ಕೆಲಸದವನು, ಗ್ರಾಹಕರ ಮನೆಯಲ್ಲಿ ಪರ್ಕಶನ್ನಿನಿಂದಲೇ ಲಿಂಟಲ್ ಕೊರೆದಿದ್ದೇನೆ. ಮೊದಲು 5ರ ಬಿಟ್ಟು, ಮತ್ತೆ 8ರದು, ನಡುನಡುವೆ ಬಿಟ್ಟನ್ನು ತಣಿಸಬೇಕು, ಅಷ್ಟೇ. ಸ್ವಲ್ಪ ತಾಳ್ಮೆ ಇರಬೇಕು.

ಸೀತಾಂಗೋಳಿಯ ಎಲೆಕ್ಟ್ರಿಷಿಯನ್:
ಇಬ್ಬರ ಮಾತೂ ಅವರವರ ಕೆಲಸಕ್ಕೆ ತಕ್ಕಂತಿದೆ. ಹನ್ನೆರಡು ತೂತಿನ ಮನೆಯವರು ವೈರಿನ ರೋಟರಿ ಹ್ಯಾಮರನ್ನು ಒಂದು ದಿನಕ್ಕೆ ಎರವಲು ತಂದರೆ ಮುಗಿಯಿತು, ಮನೆಯೊಳಗೆ ಕರೆಂಟು ಇದ್ದೇ ಇದೆಯಲ್ಲ. ನಾನು ವೃತ್ತಿಯವನಾದರೂ ಗೋಡೆ ಸೀಳಿ ಪೈಪು ಕೂರಿಸುವ ಕೆಲಸಕ್ಕೆ ಇಂದಿಗೂ ವೈರಿನ ಯಂತ್ರವನ್ನೇ ಬಳಸುತ್ತೇನೆ. ಲೆಕ್ಕ ಸರಳ: 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್ ಶಕ್ತಿ ಇದೆ. ಗ್ರೈಂಡರ್ ಬಿಡದೆ 800 ವ್ಯಾಟ್ ಎಳೆದರೆ ಏಳು ನಿಮಿಷ ತುಂಬುವ ಮೊದಲೇ ಅದು ಬರಿದಾಗುತ್ತದೆ. ತಿರುಪು ಹಾಕುವುದು, ಕೊರೆಯುವುದು ಬಿಟ್ಟುಬಿಟ್ಟು ನಡೆಯುವ ಕೆಲಸಗಳಾದ್ದರಿಂದ ಅದೇ ಬ್ಯಾಟರಿ ಅಲ್ಲಿ ಅರ್ಧ ದಿನ ಬರುತ್ತದೆ.

ಉಪ್ಪಳದ ರಿಪೇರಿಯವ:
ಹಳೆಯ ಡ್ರಿಲ್ಲಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇಂಥವನ್ನು ಇಪ್ಪತ್ತಕ್ಕೂ ಹೆಚ್ಚು ಮಾಡಿಕೊಟ್ಟಿದ್ದೇನೆ. ನಿಮ್ಮದು 1.2 ವೋಲ್ಟಿನ ಹತ್ತು ಸೆಲ್ಲುಗಳ ಪ್ಯಾಕು. ಅದರ ಜಾಗಕ್ಕೆ ಮೂರು ಲಿಥಿಯಂ ಸೆಲ್ಲುಗಳ ಸಾಲು ಸರಿಹೊಂದುತ್ತದೆ, ತುಂಬಿದಾಗ 12.6 ವೋಲ್ಟ್. ನಾಲ್ಕು ಹಾಕಿದರೆ ಇನ್ನೂ ಜೋರಾಗಿ ತಿರುಗುತ್ತದೆ ಎಂದು ಕೆಲವರು ಹೇಳುತ್ತಾರೆ, ತಿರುಗುತ್ತದೆ ನಿಜ, ಆದರೆ ಕಾರ್ಬನ್ ಬ್ರಷ್ಷೂ ಸ್ವಿಚ್ಚೂ ಬೇಗ ಸುಡುತ್ತವೆ.

ಸೆಲ್ಲಿನ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲು ನಿಧಾನವಾಗಿ ಕರೆಂಟ್ ಕೊಡಲು ಮಾಡಿದ್ದು. ಡ್ರಿಲ್ ಬಿಗಿಯಾಗಿ ಸಿಕ್ಕಿಕೊಂಡ ಕ್ಷಣದಲ್ಲಿ 30 ಆಂಪಿಯರಿಗಿಂತ ಹೆಚ್ಚು ಎಳೆಯಬಹುದು, ಆಗ ಆ ಸೆಲ್ಲು ಬಿಸಿಯಾಗಿ ಕುಸಿಯುತ್ತದೆ. ಸ್ಯಾಮ್‌ಸಂಗಿನ 25ಆರ್ ಎಂಬುದು 2500 ಮಿಲಿಆಂಪಿಯರ್-ಅವರಿನದು, ಬಿಡದೆ 20 ಆಂಪಿಯರ್ ಕೊಡುತ್ತದೆ. ಅಂಥವನ್ನು ಎರಡೆರಡರಂತೆ ಮೂರು ಜೋಡಿ, ಒಟ್ಟು ಆರು ಹಾಕಿದರೆ ಭಯವಿಲ್ಲ. ಕಾವಲಿಗೆ ಬಿಎಂಎಸ್ ಎಂಬ ಸರ್ಕ್ಯೂಟ್ ಹಲಗೆ ಬೇಕೇ ಬೇಕು, ಅದು 40 ಆಂಪಿಯರ್ ತಾಳುವಂಥದ್ದೂ ಸೆಲ್ಲುಗಳನ್ನು ಸಮತೂಗಿಸುವಂಥದ್ದೂ ಆಗಿರಬೇಕು. 20ರದನ್ನು ಹಾಕಿದರೆ ಟ್ರಿಗ್ಗರ್ ಒತ್ತಿದಾಗಲೆಲ್ಲ ಕಡಿದುಹೋಗುತ್ತದೆ. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆಯ ಕಡ್ಡಿ ಇಡಬಾರದು, ಒಳಗಿನ ಪದರ ಕರಗುತ್ತದೆ; ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗಿನಿಂದಲೇ ಕೂರಿಸಬೇಕು. ಇನ್ನೊಂದು ವಿಷಯ, ಹಳೆಯ ಸಬ್-ಸಿ ಸೆಲ್ಲಿನ ಎತ್ತರ 43 ಮಿ.ಮೀ., ಹೊಸದರದು 65, ಆದ್ದರಿಂದ ಡಬ್ಬಿಯೊಳಗಿನ ಗೂಡನ್ನು ಸ್ವಲ್ಪ ಕೊರೆದು ಮಲಗಿಸಿ ಇಡಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಚಾರ್ಜರ್. ಅದನ್ನು ಮನೆಯಿಂದ ಹೊರಗೆ ಹಾಕಿ. ನಿಕಲ್ ಕ್ಯಾಡ್ಮಿಯಂಗೆ ಮಾಡಿದ ಆ ಚಾರ್ಜರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು, ಲಿಥಿಯಂಗೆ 12.6 ವೋಲ್ಟಿನಲ್ಲಿ ಹಿಡಿದು ನಿಲ್ಲಿಸುವ ಚಾರ್ಜರ್ ಬೇಕು. ನೀವು ಮರೆತರೂ ಮನೆಯ ಇನ್ನೊಬ್ಬರು ಹಳೆಯದನ್ನೇ ಚುಚ್ಚಿಬಿಡುತ್ತಾರೆ ಎಂಬ ಕಾರಣಕ್ಕೆ ನಾನು ಹಳೆಯ ಚಾರ್ಜರನ್ನು ಗ್ರಾಹಕರಿಗೆ ಹಿಂದಿರುಗಿಸುವುದೇ ಇಲ್ಲ.

ನೀರ್ಚಾಲಿನ ಗೃಹಸ್ಥ:
ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಒಂದು ಸುಲಭದ ದಾರಿ ಹೊಳೆಯಿತು. ಹಳೆಯ ಡ್ರಿಲ್ಲಿಗೆ ವೈರು ಜೋಡಿಸಿ ಜೀಪಿನ 12 ವೋಲ್ಟ್ ಬ್ಯಾಟರಿಯಿಂದ ನಡೆಸಬಹುದಲ್ಲವೇ? ಶೆಡ್ಡಿನ ಬಾಗಿಲ ತನಕ ಜೀಪು ಹೋಗುತ್ತದೆ.

ಉಪ್ಪಳದ ರಿಪೇರಿಯವ:
ನಡೆಯುತ್ತದೆ, ಆದರೆ ವೈರು ದಪ್ಪವಿರಬೇಕು. 2.5 ಚದರ ಮಿ.ಮೀ. ತಾಮ್ರದ ವೈರಿಗೆ ಮೀಟರಿಗೆ ಸುಮಾರು 7.4 ಮಿಲಿಓಮ್ ತಡೆ ಇದೆ. ಐದು ಮೀಟರ್ ದೂರವೆಂದರೆ ಹೋಗಿ ಬರುವ ದಾರಿ ಹತ್ತು ಮೀಟರ್. 30 ಆಂಪಿಯರ್ ಹರಿದಾಗ ದಾರಿಯಲ್ಲಿಯೇ 2.2 ವೋಲ್ಟ್ ಹೋಗುತ್ತದೆ, ಡ್ರಿಲ್ಲಿಗೆ ಹತ್ತೂ ಉಳಿಯುವುದಿಲ್ಲ. ಕನಿಷ್ಠ 6 ಚದರ ಮಿ.ಮೀ. ವೈರು ಹಾಕಿ, ಬ್ಯಾಟರಿಯ ತುದಿಯಲ್ಲಿಯೇ ಫ್ಯೂಸ್ ಇರಿಸಿ. ಫ್ಯೂಸ್ ಇಲ್ಲದೆ ಜೀಪಿನ ಬ್ಯಾಟರಿಗೆ ವೈರು ಕಟ್ಟಿದರೆ, ವೈರು ಎಲ್ಲಿಯಾದರೂ ಉಜ್ಜಿ ತಾಗಿದಾಗ ಬೆಂಕಿಯೇ.

ಸೀತಾಂಗೋಳಿಯ ಎಲೆಕ್ಟ್ರಿಷಿಯನ್:
ಏಣಿಯ ಮೇಲೆ ವೈರು ಎಳೆದುಕೊಂಡು ತಗಡು ಹೊದೆಸಲು ಸಾಧ್ಯವಿಲ್ಲ. ಅದು ನೆಲದ ಮೇಲಿನ ಕೆಲಸಕ್ಕೆ ಮಾತ್ರ.

ಬದಿಯಡ್ಕದ ಪ್ಲಂಬರ್:
ನಾನು ಬೇರೊಂದು ದಾರಿ ಹಿಡಿದಿದ್ದೇನೆ. ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಯಂತ್ರಕ್ಕೆ ಕೂರಿಸುವ ಅಡಾಪ್ಟರ್ ಸಿಗುತ್ತದೆ, ಡಿವಾಲ್ಟಿನ ಬ್ಯಾಟರಿ ಮಕಿಟಾದ ಯಂತ್ರದಲ್ಲಿ ಓಡುತ್ತದೆ. ಹೊಸ ಬ್ಯಾಟರಿಗೆ ಹಣ ಹಾಕುವ ಬದಲು ಇದು ಒಳ್ಳೆಯದು.

ಉಪ್ಪಳದ ರಿಪೇರಿಯವ:
ಒಳ್ಳೆಯದು ಎಂದು ಬರೆಯಬೇಡಿ, ಓದಿದವರು ನಂಬುತ್ತಾರೆ. ವೋಲ್ಟೇಜ್ ತೀರ ಕೆಳಗಿಳಿದಾಗ ನಿಲ್ಲಿಸುವ ಕೆಲಸವನ್ನು ಕೆಲವು ಕಂಪನಿಗಳು ಬ್ಯಾಟರಿಯೊಳಗೆ ಇಡುತ್ತವೆ, ಕೆಲವು ಯಂತ್ರದೊಳಗೆ ಇಡುತ್ತವೆ. ಎರಡನೆಯ ಬಗೆಯ ಬ್ಯಾಟರಿಯನ್ನು ಮೊದಲನೆಯ ಬಗೆಯ ಯಂತ್ರಕ್ಕೆ ಜೋಡಿಸಿದರೆ ಕಾವಲುಗಾರನೇ ಇಲ್ಲದಂತಾಗುತ್ತದೆ. ಸೆಲ್ಲು ಎರಡೂವರೆ ವೋಲ್ಟಿಗಿಂತ ಬಹಳ ಕೆಳಗಿಳಿದು ಹಾಗೆಯೇ ಇದ್ದರೆ ಒಳಗಿನ ತಾಮ್ರ ಕರಗತೊಡಗುತ್ತದೆ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ಅಂಥ ಸತ್ತ ಬ್ಯಾಟರಿಗೆ ಇನ್ನೊಂದು ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸುವ ವಿದ್ಯೆಯನ್ನು ಪೇಟೆಯಲ್ಲಿ ಕೆಲವರು ಮಾಡುತ್ತಾರೆ. ನನ್ನ ಅಂಗಡಿಯಲ್ಲಿ ನಾನೂ ಒಮ್ಮೆ ಮಾಡಿದೆ, ಹಾಗೆ ಎಬ್ಬಿಸಿದ ಪ್ಯಾಕು ರಾತ್ರಿ ಮೇಜಿನ ಮೇಲೆ ಉಬ್ಬಿ ಕರಗಿ ಹಲಗೆಯನ್ನು ಸುಟ್ಟಿತ್ತು. ಅಂದಿನಿಂದ ಎಷ್ಟು ಬೇಡಿಕೊಂಡರೂ ಮಾಡುವುದಿಲ್ಲ.

ಬದಿಯಡ್ಕದ ಪ್ಲಂಬರ್:
ವೇಗ ಇಳಿದ ಕೂಡಲೇ ನಾನೇ ನಿಲ್ಲಿಸುತ್ತೇನೆ, ಎರಡು ವರ್ಷಗಳಲ್ಲಿ ಏನೂ ಆಗಿಲ್ಲ. ಆದರೂ ಕಾವಲು ಎಲ್ಲಿದೆ ಎಂಬ ವಿಷಯ ನನಗೆ ತಿಳಿದಿರಲಿಲ್ಲ. ಕೆಲಸ ಮುಗಿದ ಮೇಲೆ ಅಡಾಪ್ಟರಿನಲ್ಲೇ ಬ್ಯಾಟರಿಯನ್ನು ಬಿಟ್ಟುಬಿಡುತ್ತಿದ್ದೆ, ಅದೂ ತಪ್ಪೇ?

ಉಪ್ಪಳದ ರಿಪೇರಿಯವ:
ತಪ್ಪು. ಅಡಾಪ್ಟರಿನೊಳಗೆ ಸಣ್ಣ ಸರ್ಕ್ಯೂಟ್ ಇದ್ದರೆ ಅದು ಹಗಲು ರಾತ್ರಿ ಹನಿಹನಿಯಾಗಿ ಎಳೆಯುತ್ತಿರುತ್ತದೆ. ಬಿಚ್ಚಿಟ್ಟುಬಿಡಿ.

ಶಾರ್ಜಾದಲ್ಲಿರುವ ಬಾಯಾರಿನವ:
ನೀರ್ಚಾಲಿನವರ ಅಣ್ಣ ಇನ್ನೂ ಇಲ್ಲಿಯೇ ಇದ್ದರೆ ಇಲ್ಲಿಂದ ತರಿಸಿಕೊಳ್ಳಬಹುದು, ಆದರೆ ಕೆಲವು ವಿಷಯಗಳನ್ನು ಗಮನಿಸಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲಿಯೇ ತರಬೇಕು, ತುದಿಗಳಿಗೆ ಟೇಪು ಅಂಟಿಸಬೇಕು. 100 ವ್ಯಾಟ್-ಅವರ್ ತನಕ ಅನುಮತಿ ಬೇಡ, 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಹಾಗಾಗಿ 18 ವೋಲ್ಟಿನ 5 ಆಂಪಿಯರ್-ಅವರಿನದು 90 ಆಗುವುದರಿಂದ ಸರಿ, 6ರದು 108 ಆಗುವುದರಿಂದ ಕೇಳಬೇಕಾಗುತ್ತದೆ. ಯಂತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ. ಇಲ್ಲಿಯೂ 50 ಹರ್ಟ್ಸಿನ 230 ವೋಲ್ಟಿನ ಆಸುಪಾಸಿನ ಕರೆಂಟೇ ಆದ್ದರಿಂದ ಚಾರ್ಜರ್ ಊರಿನಲ್ಲಿ ನಡೆಯುತ್ತದೆ, ಪ್ಲಗ್ಗಿನ ಚಪ್ಪಟೆ ಪಿನ್ನುಗಳಿಗೆ ಪರಿವರ್ತಕ ಬೇಕು. ಅಮೆರಿಕದಿಂದ ತಂದ 120 ವೋಲ್ಟಿನ ಚಾರ್ಜರನ್ನು ಮಾತ್ರ ಊರಿನಲ್ಲಿ ಚುಚ್ಚಬೇಡಿ, ನನ್ನ ಗೆಳೆಯನದು ಮೊದಲ ದಿನವೇ ಹೊಗೆಯಾಯಿತು.

ಕುಂಬಳೆಯ ಬಡಗಿ:
ವಾರಂಟಿಯ ವಿಚಾರವನ್ನೂ ಹೇಳಿ. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಇದೆಯೇ ಎಂದು ಕೇಳಿಯೇ ತರಿಸಬೇಕು. ನಾನು ಮಂಗಳೂರಿನಲ್ಲಿ ಬಿಲ್ ಹಾಕಿಸಿ ಕೊಂಡದ್ದು ಇದೇ ಕಾರಣಕ್ಕೆ, ಸ್ವಿಚ್ ಹೋದಾಗ ದುಡ್ಡಿಲ್ಲದೆ ಬದಲಾಯಿಸಿಕೊಟ್ಟರು.

ವರ್ಕಾಡಿಯ ತಗಡಿನ ಕೆಲಸದವ:
ತಗಡು ಹೊದೆಸುವ ವಿಷಯ ನನ್ನದು. ಇದಕ್ಕೆ ಡ್ರಿಲ್ ಬೇಡ, ಇಂಪ್ಯಾಕ್ಟ್ ಡ್ರೈವರ್ ತೆಗೆದುಕೊಳ್ಳಿ. ಡ್ರಿಲ್ಲಿನಲ್ಲಿ ತಿರುಪು ಗಟ್ಟಿಯಾದಾಗ ಯಂತ್ರ ನಿಮ್ಮ ಮಣಿಕಟ್ಟನ್ನು ತಿರುಗಿಸುತ್ತದೆ, ಏಣಿಯ ಮೇಲಿದ್ದಾಗ ಅದು ಸಣ್ಣ ವಿಷಯವಲ್ಲ. ಇಂಪ್ಯಾಕ್ಟ್ ಡ್ರೈವರ್ ಒಳಗಿನ ಸುತ್ತಿಗೆಯಿಂದ ತಿರುಗುವ ದಿಕ್ಕಿನಲ್ಲಿಯೇ ಬಡಿದು ಬಡಿದು ಬಿಗಿಯುವುದರಿಂದ ಕೈಗೆ ಎದುರೇಟು ಬರುವುದಿಲ್ಲ. 8 ಮಿ.ಮೀ. ಅಯಸ್ಕಾಂತದ ಸಾಕೆಟ್ ಹಾಕಿ ಸೆಲ್ಫ್ ಡ್ರಿಲ್ಲಿಂಗ್ ತಿರುಪು ಇಟ್ಟರೆ ಒಂದೇ ಕೈಯಲ್ಲಿ ಕೆಲಸ ನಡೆಯುತ್ತದೆ.

ಕುಂಬಳೆಯ ಬಡಗಿ:
ಹಾಗೆಯೇ ಬಿಗಿದು ಬಿಗಿದು ತಿರುಪಿನ ಕೆಳಗಿನ ರಬ್ಬರ್ ವಾಷರನ್ನು ಜಜ್ಜಿ, ಆಟಿ ತಿಂಗಳ ಮಳೆಯಲ್ಲಿ ಪ್ರತಿ ತಿರುಪಿನ ಬುಡದಲ್ಲೂ ನೀರು ತೊಟ್ಟಿಕ್ಕಿದ ಮಾಡುಗಳನ್ನು ನಾನು ನೋಡಿದ್ದೇನೆ. ಡ್ರಿಲ್ಲಿಗೆ ಕ್ಲಚ್ ಇದೆ, ಒಮ್ಮೆ ಅಂಕಿ ಹೊಂದಿಸಿದರೆ ಎಲ್ಲ ತಿರುಪುಗಳೂ ಒಂದೇ ಬಿಗಿಗೆ ನಿಲ್ಲುತ್ತವೆ. ಮನೆಯವರ ಕೈಗೆ ಕ್ಲಚ್ ಇರುವ ಯಂತ್ರವನ್ನೇ ಕೊಡಬೇಕು.

ವರ್ಕಾಡಿಯ ತಗಡಿನ ಕೆಲಸದವ:
ವಾಷರ್ ಜಜ್ಜುವುದು ಕೈಯ ತಪ್ಪು. ವಾಷರ್ ತಗಡಿಗೆ ತಾಗಿ ಸ್ವಲ್ಪ ಉಬ್ಬಿದ ಕೂಡಲೇ ಬೆರಳು ಬಿಡಬೇಕು, ನಾಲ್ಕು ತಿರುಪು ಹಾಕಿದ ಮೇಲೆ ಕೈಗೆ ತಿಳಿಯುತ್ತದೆ. ಆದರೂ ಹೊಸಬರ ವಿಷಯದಲ್ಲಿ ನಿಮ್ಮ ಆತಂಕ ಸುಳ್ಳಲ್ಲ. ವೇಗದ ಗುಂಡಿ ಇರುವ ಡ್ರೈವರ್ ಆದರೆ ಮೊದಲ ದಿನ ಕಡಿಮೆ ವೇಗದಲ್ಲಿಯೇ ಇಡಿ. ಹಂಚಿನ ಮಾಡಿನ ಪಕ್ಕಾಸಿಗೆ (ಇಳಿಜಾರಿನ ತೊಲೆಗೆ) ರೀಪು (ಹಂಚು ಕೂರುವ ಮರದ ಪಟ್ಟಿ) ಹೊಡೆಯುವಾಗಲೂ ಇದೇ ಯಂತ್ರ ಬೇಕು, ಕಿರಾಲುಬೋಗಿ ಎಂಬ ಗಟ್ಟಿ ಮರದ ಹಳೆಯ ಪಕ್ಕಾಸಿಗೆ ಮೊದಲು ಸಣ್ಣ ತೂತು ಕೊರೆಯದಿದ್ದರೆ ತಿರುಪಿನ ತಲೆಯೇ ಮುರಿಯುತ್ತದೆ.

ಮಂಜೇಶ್ವರದ ಅಧ್ಯಾಪಿಕೆ:
ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 18 ವೋಲ್ಟಿನ ಡ್ರಿಲ್ಲಿಗೆ ದೊಡ್ಡ ಬ್ಯಾಟರಿ ಹಾಕಿ ತಲೆಯ ಮೇಲೆ ಐದು ನಿಮಿಷ ಹಿಡಿದರೆ ನನ್ನ ಭುಜ ನಡುಗುತ್ತದೆ. ಸಣ್ಣ 2 ಆಂಪಿಯರ್-ಅವರಿನ ಬ್ಯಾಟರಿ ಎರಡಿದ್ದರೆ ಒಂದು ಕೈಯಲ್ಲಿ, ಇನ್ನೊಂದು ಚಾರ್ಜರಿನಲ್ಲಿ ಇರಬಹುದು.

ಪೆರ್ಲದ ಕೃಷಿಕ:
ಇದೇ ಸಂದರ್ಭದಲ್ಲಿ ಕೇಳುತ್ತೇನೆ, ನನ್ನ ಬೆನ್ನಿಗೆ ಹಾಕುವ ಮದ್ದಿನ ಪಂಪಿನ 12 ವೋಲ್ಟಿನ ಸೀಸದ ಬ್ಯಾಟರಿ ಹೋಗಿದೆ. ಅದಕ್ಕೂ ಈ ಮೂರು ಸೆಲ್ಲಿನ ಉಪಾಯ ಆಗುತ್ತದೆಯೇ?

ಉಪ್ಪಳದ ರಿಪೇರಿಯವ:
ಪಂಪಿಗೆ ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸಿ. ಸೆಲ್ಲಿಗೆ 3.2 ವೋಲ್ಟ್, ನಾಲ್ಕು ಸೇರಿದರೆ 12.8, ಸೀಸದ ಬ್ಯಾಟರಿಗೆ ತುಂಬಾ ಹತ್ತಿರ. ಪಂಪಿನ ಮೋಟಾರು ಎಳೆಯುವುದು ಕಡಿಮೆ, ಬಿಸಿಯ ಭಯವೂ ಕಡಿಮೆ. ಎರಡು ಕಿಲೋ ಮೀರುವ ಸೀಸದ ಬದಲು ಒಂದು ಕಿಲೋದ ಆಸುಪಾಸು ಬೆನ್ನಿಗೆ ಬರುತ್ತದೆ. ಇದಕ್ಕೂ ಬಿಎಂಎಸ್ ಮತ್ತು 14.6 ವೋಲ್ಟಿನ ಅದರದ್ದೇ ಚಾರ್ಜರ್ ಬೇಕು. ಬದಲಾವಣೆ ಮಾಡಲೇಬೇಕೆಂಬ ಆಸೆ ಇರುವವರು ಡ್ರಿಲ್ಲಿಗಿಂತ ಮೊದಲು ಇದರಿಂದ ಕಲಿಯುವುದು ಕ್ಷೇಮ.

ಮುಳ್ಳೇರಿಯದ ಮೇಸ್ತ್ರಿ:
ಬದಲಾವಣೆ ಎಂದ ಮೇಲೆ ಒಂದು ಮಾತು ಹೇಳಲೇಬೇಕು. ಗ್ರೈಂಡರಿನ ಗಾರ್ಡ್ ಬಿಚ್ಚಿ ಮರ ಕೊಯ್ಯುವ ಹಲ್ಲಿನ ಚಕ್ರ ಹಾಕುವುದನ್ನು ನಮ್ಮಲ್ಲಿ ಬಹಳ ಮಂದಿ ಮಾಡುತ್ತಾರೆ. ಕಲ್ಲಿಗೂ ಕಬ್ಬಿಣಕ್ಕೂ ಮಾಡಿದ ಆ ವೇಗಕ್ಕೆ ಹಲ್ಲಿನ ಚಕ್ರ ಮರದಲ್ಲಿ ಕಚ್ಚಿತೆಂದರೆ ಯಂತ್ರ ಹಾರಿ ಬರುತ್ತದೆ. ನನ್ನ ಎಡ ತೊಡೆಯಲ್ಲಿ ಹದಿನಾಲ್ಕು ಹೊಲಿಗೆಯ ಗುರುತಿದೆ. ಮರ ಕೊಯ್ಯಲು ಸರ್ಕ್ಯುಲರ್ ಗರಗಸವನ್ನೋ ಸಣ್ಣ ಚೈನ್ ಗರಗಸವನ್ನೋ ತೆಗೆದುಕೊಳ್ಳಿ.

ಪೆರ್ಲದ ಕೃಷಿಕ:
ಮಳೆಗಾಲದ ವಿಷಯವನ್ನೂ ಸೇರಿಸಿ. ನನ್ನ ಡ್ರಿಲ್ಲಿನ, ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ತೆಂಗಿನೆಣ್ಣೆ ಹಚ್ಚಿದೆ, ಅದು ಅಂಟಾಗಿ ಇನ್ನೂ ಕೆಟ್ಟಿತು.

ಉಪ್ಪಳದ ರಿಪೇರಿಯವ:
ತೆಂಗಿನೆಣ್ಣೆ ಬೇಡ, ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು, ಬ್ಯಾಟರಿಯ ತುದಿಗಳಿಗೆ ಮಾತ್ರ ಯಾವ ಎಣ್ಣೆಯೂ ಬೇಡ. ಒಂದು ಪ್ರಶ್ನೆ, ನೀವು ಡ್ರಿಲ್ಲನ್ನು ಮೈಲುತುತ್ತು ಇಡುವ ಕೋಣೆಯಲ್ಲಿಯೇ ಇಟ್ಟಿದ್ದಿರೇ?

ಪೆರ್ಲದ ಕೃಷಿಕ:
ಹೌದು, ಅದೇ ಹಲಗೆಯ ಮೇಲೆ, ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕದಲ್ಲಿ.

ಉಪ್ಪಳದ ರಿಪೇರಿಯವ:
ಕಾರಣ ಸಿಕ್ಕಿತು. ಮೈಲುತುತ್ತಿನ ಪುಡಿ ತೇವದೊಂದಿಗೆ ಕಬ್ಬಿಣದ ಮೇಲೆ ಕೂತರೆ ತಾಮ್ರ ಅಲ್ಲಿಯೇ ಅಂಟಿ ಕಬ್ಬಿಣವನ್ನು ತಿನ್ನುತ್ತದೆ. ಬೇರೆ ಕೋಣೆಯಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, ಯಂತ್ರದಿಂದ ಬಿಚ್ಚಿ, ತಂಪಿನಲ್ಲಿ ಇಡಬೇಕು. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದನ್ನೂ ಬಿಡಿ, ಅರ್ಧ ಗಂಟೆ ತಣಿಯಲಿ.

ನೀರ್ಚಾಲಿನ ಗೃಹಸ್ಥ:
ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿ ನಿರ್ಧಾರಕ್ಕೆ ಬಂದಿದ್ದೇನೆ. ವಾರಂಟಿ ಇರುವ ಒಂದೇ ಕಂಪನಿಯ 18 ವೋಲ್ಟಿನ ಪರ್ಕಶನ್ ಡ್ರಿಲ್ ಮತ್ತು ಇಂಪ್ಯಾಕ್ಟ್ ಡ್ರೈವರುಗಳನ್ನು 2 ಆಂಪಿಯರ್-ಅವರಿನ ಎರಡು ಬ್ಯಾಟರಿಗಳೊಂದಿಗೆ ಮಂಗಳೂರಿನಿಂದ ತಂದೆ. ಎರಡಕ್ಕೂ ಅದೇ ಬ್ಯಾಟರಿ ಹೊಂದುತ್ತದೆ, ಮುಂದೆ ಗರಗಸ ಬೇಕಾದರೆ ಬರಿಯ ಯಂತ್ರವನ್ನಷ್ಟೇ ಕೊಂಡರಾಯಿತು. ಲಿಂಟಲಿನ ತೂತುಗಳಿಗೆ ನೆರೆಮನೆಯವರ ವೈರಿನ ಹ್ಯಾಮರ್ ತಂದೆ, ಹನ್ನೆರಡೂ ಒಂದು ಗಂಟೆಯಲ್ಲಿ ಮುಗಿದವು. ಪುಸ್ತಕದ ಹಲಗೆ ಕೂರಿಸಲು ಗಿಲಾಯಿ ತಟ್ಟಿ ನೋಡಿದಾಗ ಮೇಸ್ತ್ರಿಗಳು ಹೇಳಿದಂತೆ ಎರಡು ಕಡೆ ಅಜ್ಜನ ಕಾಲದ ಮರದ ಗೂಟಗಳು ಸಿಕ್ಕಿದವು, ಅವಕ್ಕೇ ಬಿಗಿದಿದ್ದೇನೆ. ಮೂರನೆಯದಕ್ಕೆ ಸಿಮೆಂಟು ತುಂಬಿ ಪ್ಲಗ್ಗು ಒತ್ತಿದ್ದೇನೆ, ನಾಳೆ ತಿರುಪು ಹಾಕಬೇಕು.

ಹಳೆಯ ಡ್ರಿಲ್ಲನ್ನು ಎಸೆಯಲು ಮನಸ್ಸು ಬರುವುದಿಲ್ಲ, ಉಪ್ಪಳಕ್ಕೆ ತಂದುಕೊಡುತ್ತೇನೆ. ಅದರ ಸತ್ತ ಬ್ಯಾಟರಿಯನ್ನು ಏನು ಮಾಡಬೇಕು?

ಉಪ್ಪಳದ ರಿಪೇರಿಯವ:
ಅದನ್ನೂ ತನ್ನಿ. ಕ್ಯಾಡ್ಮಿಯಂ ವಿಷ, ತೋಟದಲ್ಲಿ ಹೂಳಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದೆ ಪಡೆಯುವ ಹೊಣೆ ತಯಾರಕರದು, ನಾನು ಒಟ್ಟುಮಾಡಿ ವರ್ಷಕ್ಕೊಮ್ಮೆ ಕಳುಹಿಸುತ್ತೇನೆ. ಹಳೆಯ ಚಾರ್ಜರನ್ನು ಮರೆಯದೆ ತನ್ನಿ.

ವರ್ಕಾಡಿಯ ತಗಡಿನ ಕೆಲಸದವ:
ತಗಡು ಹೊದೆಸುವ ದಿನ ತಿಳಿಸಿ. ಭಾನುವಾರವಾದರೆ ನಾನೂ ಬರುತ್ತೇನೆ, ಮೊದಲ ಸಾಲು ನೇರವಾಗಿ ಬಂದರೆ ಉಳಿದದ್ದನ್ನು ನೀವೇ ಮುಗಿಸಬಹುದು.